ಭದ್ರೆಯ ಹಿನ್ನೀರಿಗೆ ಹೊರಡುವ ಮುನ್ನ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಟೆಕ್ಸಾಸ್‌ನಿಂದ ದೂರವಾಣಿ ಮಾಡಿದ್ದ. ಭದ್ರಾವತಿಯ ಹಳೇನಗರದಲ್ಲಿ ಬೆಳೆದ ಹುಡುಗ; ಈಗ ಅವನಿಗೇ 12 ವರ್ಷದ ಮಗನಿದ್ದಾನೆ.

"ಸಾರ್, ಡಿಸೆಂಬರಿನಲ್ಲಿ ಊರಿಗೆ ಬರ್ತಿದ್ದೀವಿ. ನನ್ನ ಮಗನಿಗೆ ಬಾಸ್ ಮೀನು ಹಿಡಿಯೋದು ಅಂದ್ರೆ ಪ್ರಾಣ. ಈ ಸಲ ನಮ್ಮ ಬಿ.ಆರ್.ಪಿ. ಹಿನ್ನೀರಿನಲ್ಲಿ ಅವನ ಕೈಯಲ್ಲಿ ಗಾಳ ಹಾಕಿಸ್ಬೇಕು. ನೀವೇ ಒಂದು ಪ್ಲಾನ್ ಮಾಡಿಕೊಡಿ, ನೀವೂ ಬರಲೇಬೇಕು" ಎಂದ.

"ಆಗಲಿ ಕಣಯ್ಯ, ನೋಡೋಣ" ಎಂದೆ. ಆದರೆ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ಮೊದಲು ಅವನು ಕೇಳಿದ ಯೋಜನೆಯ ಮಾತು.

ಬಾಸ್ ನಮ್ಮ ನೀರಿನ ಮೀನಲ್ಲ. ಅದು ಉತ್ತರ ಅಮೆರಿಕದ್ದು. ಸಣ್ಣ ಮೀನು, ಕಪ್ಪೆಗಳನ್ನು ಬೇಟೆಯಾಡಿ ತಿನ್ನುವ ಜಾತಿ. ಜಪಾನಿನವರು 1925ರಲ್ಲಿ ಅದನ್ನು ತಂದು ಆಶಿ ಸರೋವರಕ್ಕೆ ಬಿಟ್ಟರು. ಕಾಲಕ್ರಮದಲ್ಲಿ ಅದು ಇತರ ಕೆರೆಗಳಿಗೂ ಹರಡಿ ಸ್ಥಳೀಯ ಮೀನುಗಳನ್ನು ತಿಂದು ಹಾಕಿದ್ದರಿಂದ 2005ರಲ್ಲಿ ಕಾನೂನು ಮಾಡಿ ಅದನ್ನು ಸಾಕುವುದು, ಸಾಗಿಸುವುದು, ನೀರಿಗೆ ಬಿಡುವುದನ್ನೇ ನಿಷೇಧಿಸಬೇಕಾಯಿತು. ಆದ್ದರಿಂದ ನಮ್ಮಲ್ಲಿ ಬಾಸ್ ಇಲ್ಲವೆಂದು ಆ ಮಗು ಬೇಸರಪಡಬೇಕಾಗಿಲ್ಲ. ಗಾಳಕ್ಕೆ ಎಗರಿ ಬರುವ ಕುಚ್ಚು, ಅವಲು ಮೀನುಗಳು ನಮ್ಮಲ್ಲಿವೆ. ದೊಡ್ಡ ಬಾಯಿಯ ಬಾಳೆ ಮೀನು ಇದೆ. ಇಲಾಖೆಯವರು ಮರಿ ಬಿಟ್ಟು ಬೆಳೆಸುವ ಕಾಟ್ಲಾ, ರೋಹು, ಗೆಂಡೆಗಳಿವೆ.

ಆದರೆ ಎಲ್ಲಿ ಹಿಡಿಯುವುದು? ಭದ್ರಾ ಅಣೆಕಟ್ಟು ಪೂರ್ಣಗೊಂಡದ್ದು 1965ರಲ್ಲಿ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಸಂಗ್ರಹ ಸಾಮರ್ಥ್ಯ 71.5 ಟಿ.ಎಂ.ಸಿ. ಅಡಿ. ನಾವು ಬಾಯಿಮಾತಿಗೆ "ನಮ್ಮ ಡ್ಯಾಮು" ಎನ್ನುತ್ತೇವಾದರೂ ಲಕ್ಕವಳ್ಳಿ ಇರುವುದು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ. ಅದಕ್ಕಿಂತ ಮುಖ್ಯವಾಗಿ, ಹಿನ್ನೀರಿನ ಬಹುಭಾಗ ಭದ್ರಾ ಅಭಯಾರಣ್ಯಕ್ಕೆ ಅಂಟಿಕೊಂಡಿದೆ. 1998ರಿಂದ ಅದು ಹುಲಿ ಯೋಜನೆಯ ಪ್ರದೇಶವೂ ಹೌದು. ಅಲ್ಲಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಮೊಟ್ಟೆಯಿಡುತ್ತವೆ. ಆ ಗಡಿಯೊಳಗೆ ಗಾಳ ಹಾಕುವ ಮಾತೇ ಇಲ್ಲ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮಹಶೀರ್ ಹಿಡಿದು ಮರಳಿ ಬಿಡುತ್ತಿದ್ದ ಪ್ರಸಿದ್ಧ ಶಿಬಿರಗಳ ಗಾಳವೂ ಅಭಯಾರಣ್ಯದ ಕಾನೂನಿನ ಕಾರಣಕ್ಕೇ ನಿಂತುಹೋಯಿತು. ಗಾಜನೂರಿನ ತುಂಗಾ ಹಿನ್ನೀರಿನಲ್ಲಿ ಸಕ್ರೆಬೈಲಿನ ಆನೆಗಳು ಮೀಯುತ್ತವೆ. ಅಲ್ಲಿಯೂ ಅರಣ್ಯ ಇಲಾಖೆಯವರನ್ನು ಕೇಳದೆ ದಡಕ್ಕಿಳಿಯುವುದು ತರವಲ್ಲ.

ಇನ್ನುಳಿದ ನೀರು ಯಾರದೂ ಅಲ್ಲವೆಂದು ನಾವು ಭಾವಿಸುತ್ತೇವೆ. ಅದು ತಪ್ಪು. ಜಲಾಶಯದ ಮೀನು ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದ ಮೀನುಗಾರರ ಅನ್ನ. ಕೆರೆಗಳನ್ನು ಗುತ್ತಿಗೆ ಹಿಡಿದ ಸಂಘಗಳು ತಮ್ಮ ಹಣದಿಂದ ಮರಿ ಬಿಟ್ಟಿರುತ್ತವೆ. ಬೇರೆಯವರ ತೋಟದಲ್ಲಿ ಕೇಳದೆ ಅಡಿಕೆ ಕೊಯ್ಯದ ನಾವು, ಬೇರೆಯವರ ನೀರಿನಲ್ಲಿ ಕೇಳದೆ ಮೀನು ಹಿಡಿಯಬಹುದೇ?

ಈ ವಿಷಯದಲ್ಲಿ ಟೆಕ್ಸಾಸ್‌ನ ಆ ಹುಡುಗ ನಮಗಿಂತ ಹೆಚ್ಚು ಕಲಿತಿದ್ದಾನೆ. ಅಲ್ಲಿ ದೊಡ್ಡವರು ಪರವಾನಗಿ ಪಡೆಯಬೇಕು. ಸಾಮಾನ್ಯ ನಿಯಮದಂತೆ 14 ಅಂಗುಲಕ್ಕಿಂತ ಚಿಕ್ಕ ಬಾಸನ್ನು ಮರಳಿ ನೀರಿಗೆ ಬಿಡಬೇಕು. ದಿನಕ್ಕೆ 5ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಣ್ಣ ದೋಣಿ ಚಲಿಸುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕು. ಇದೆಲ್ಲ ಅವನಿಗೆ ಆಟದ ಭಾಗ. ಯಾರೂ ಗದರಿಸಿ ಹೇಳಬೇಕಾಗಿಲ್ಲ.

ಈಗ, ನಾನು ಸುಮ್ಮನೆ ಕುಳಿತದ್ದರ ಕಾರಣ.

1994ರ ಒಂದು ಶುಕ್ರವಾರ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠದ ಕೊನೆಗೆ ನನ್ನ ಮೇಜಿನ ಬಳಿ ಬಂದು, "ಸಾರ್, ನಾಳೆ ಬೆಳಗಿನ ಶಾಲೆ ಬಿಟ್ಟ ಮೇಲೆ ಮೀನು ಹಿಡಿಯಕ್ಕೆ ಹೋಗ್ತೀವಿ. ಎರೆಹುಳ ಒಳ್ಳೇದಾ, ಗೋಧಿಹಿಟ್ಟಿನ ಉಂಡೆ ಒಳ್ಳೇದಾ?" ಎಂದು ಕೇಳಿದ. ವಿಜ್ಞಾನದ ಮೇಷ್ಟ್ರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಅವನದು. ನನಗೆ ಗೊತ್ತಿತ್ತು ಕೂಡ. ಆದರೆ ನಾನು ಕೊಟ್ಟ ಉತ್ತರ, "ನೀರಿನ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ" ಎಂಬುದು. ಅವನು ತಲೆ ತಗ್ಗಿಸಿ ಹೋದ.

ಮರುದಿನ ನಾಲ್ವರು ಹೋದರು. ನನ್ನ ಮಾತಿನಿಂದ ಆದದ್ದು ಇಷ್ಟೇ: ಜನರಿರುವ ಜಾಗ ಬಿಟ್ಟು, ಯಾರ ಕಣ್ಣಿಗೂ ಬೀಳದಂತೆ ನಾಲೆಯ ದೂರದ ತಿರುವಿಗೆ ಹೋದರು. ಭದ್ರಾ ನಾಲೆಯನ್ನು ಕಂಡವರಿಗೆ ಗೊತ್ತು: ಇಳಿಜಾರಾದ ಗೋಡೆ, ಅದರ ಮೇಲೆ ಪಾಚಿ, ಮೇಲ್ನೋಟಕ್ಕೆ ಶಾಂತವಾಗಿ ಕಂಡರೂ ಕೆಳಗೆ ಬಲವಾದ ಸೆಳೆತ. ಜಾರಿದವನಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಸಂಜೆ ಮೂವರು ಮನೆಗೆ ಬಂದರು. ನನ್ನನ್ನು ಪ್ರಶ್ನೆ ಕೇಳಿದ್ದವನು ಬರಲಿಲ್ಲ.

ಟೆಕ್ಸಾಸ್‌ನಿಂದ ಫೋನ್ ಮಾಡಿದವನು ಆ ಮೂವರಲ್ಲಿ ಒಬ್ಬ. ಮೂವತ್ತು ವರ್ಷಗಳಲ್ಲಿ ನಾವಿಬ್ಬರೂ ಆ ದಿನದ ಮಾತೆತ್ತಿರಲಿಲ್ಲ. ಈ ಸಲವೂ ನೇರವಾಗಿ ಎತ್ತಲಿಲ್ಲ. ಫೋನ್ ಇಡುವ ಮೊದಲು, "ಸಾರ್, ಮಗನಿಗೆ ಐದನೇ ವರ್ಷಕ್ಕೇ ಈಜು ಕಲಿಸಿದ್ದೀನಿ" ಎಂದಷ್ಟೇ ಹೇಳಿದ.

ಆ ಘಟನೆಯ ನಂತರ ನಾವು ಶಿಕ್ಷಕರೆಲ್ಲ ಸೇರಿ ಮಾಡಿದ್ದೇನು? ಪ್ರಾರ್ಥನೆಯ ವೇಳೆ ಮತ್ತಷ್ಟು ಗಟ್ಟಿಯಾಗಿ "ನೀರಿಗೆ ಹೋಗಬೇಡಿ" ಎಂದೆವು. ನಿವೃತ್ತನಾಗುವವರೆಗೂ ನಾನು ಅದನ್ನೇ ಹೇಳಿದೆ. ಅದು ಪಾಠವಲ್ಲ, ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯ ಎಂದು ಇಂದು ನನಗೆ ಅನ್ನಿಸುತ್ತದೆ. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಆರ್ಕಿಮಿಡೀಸನ ತತ್ತ್ವವನ್ನು ಬರೆದು ವಿವರಿಸಿದೆ. ತೇಲುವುದು ಹೇಗೆಂದು ಒಬ್ಬ ಹುಡುಗನಿಗೂ ಕಲಿಸಲಿಲ್ಲ. ನನಗೆ ಈಜು ಚೆನ್ನಾಗಿಯೇ ಬರುತ್ತಿತ್ತು.

ಏಕೆಂದರೆ ನನಗೆ ಅದನ್ನು ಕಲಿಸಿದವರಿದ್ದರು. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಏರುತ್ತಿತ್ತು. ಹಳ್ಳದ ಮೀನು ಹೊಸ ನೀರಿಗೆದುರಾಗಿ ಗದ್ದೆಗೆ ಹತ್ತುವ ಆ ರಾತ್ರಿ ದೊಡ್ಡಪ್ಪ ದೀಪ ಹಿಡಿದು ಮುಂದೆ, ನಾವು ಮಕ್ಕಳು ಹಿಂದೆ. "ಇಲ್ಲಿ ಕಾಲಿಡು, ಅಲ್ಲಿ ಬೇಡ, ಅಲ್ಲಿ ಗುಂಡಿ ಇದೆ" ಎಂದು ಅವರು ಹೇಳಿದ್ದೇ ನನ್ನ ಮೊದಲ ಜಲಪಾಠ. ಸೊರಬ, ಸಾಗರದ ಕಡೆ ಬೇಸಿಗೆಯಲ್ಲಿ ನಡೆಯುವ ಕೆರೆಬೇಟೆಯನ್ನು ನೋಡಿ: ನೀರು ಇಳಿದ ಕೆರೆಗೆ ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಇಳಿಯುತ್ತದೆ. ಅಲ್ಲಿ ಸಮಯಕ್ಕೊಂದು ನಿಯಮ, ಹಿರಿಯರ ಒಂದು ಕಣ್ಣು ಇದ್ದೇ ಇರುತ್ತದೆ. ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲೂ ಶೃಂಗೇರಿಯಲ್ಲೂ ತುಂಗೆಯ ಮೀನನ್ನು ದೇವರದೆಂದು ಯಾರೂ ಮುಟ್ಟುವುದಿಲ್ಲ. ಹಿಡಿಯುವುದಕ್ಕೂ ಬಿಡುವುದಕ್ಕೂ ನಮ್ಮಲ್ಲಿ ಕ್ರಮವಿತ್ತು. ಕಾರ್ಖಾನೆ, ಕಚೇರಿಗಳಿಗಾಗಿ ಪೇಟೆ ಸೇರಿದ ನಮ್ಮ ತಲೆಮಾರು ಮಕ್ಕಳಿಗೆ ಆ ತಿಳಿವಳಿಕೆಯನ್ನು ದಾಟಿಸದೆ ಭಯವನ್ನು ಮಾತ್ರ ದಾಟಿಸಿತು. ನದಿಗಳೂ ನಾಲೆಗಳೂ ಮಾತ್ರ ಊರ ನಡುವೆಯೇ ಹರಿಯುತ್ತಿವೆ.

"ಕಲಿಸಿದರೆ ಧೈರ್ಯ ಹೆಚ್ಚಾಗಿ ಇನ್ನೂ ಹೆಚ್ಚು ಮಕ್ಕಳು ನೀರಿಗಿಳಿಯುವುದಿಲ್ಲವೇ?" ಎಂದು ನಮ್ಮ ಮನೆಯವರೇ ಕೇಳಿದರು. ನ್ಯಾಯವಾದ ಪ್ರಶ್ನೆ. ಈಜು ಬಲ್ಲವರೂ ಮುಳುಗಿದ್ದುಂಟು. ಆದ್ದರಿಂದಲೇ ನಾನು ಹೇಳುವುದು ಈಜನ್ನು ಮಾತ್ರವಲ್ಲ, ನೀರಿನ ಓದನ್ನು. ಎಲ್ಲಿ ಸೆಳೆತ, ಎಲ್ಲಿ ಕೆಸರು, ತೂಬು ಎತ್ತಿದಾಗ ಏನಾಗುತ್ತದೆ, ಮುಳುಗುತ್ತಿರುವವನಿಗೆ ಕೈ ಕೊಡದೆ ಹಗ್ಗವನ್ನೋ ಕೋಲನ್ನೋ ಏಕೆ ಕೊಡಬೇಕು ಎಂಬುದನ್ನು ಬಲ್ಲ ಮಗು ಹೆದರಬೇಕಾದಲ್ಲಿ ಸರಿಯಾಗಿ ಹೆದರುತ್ತದೆ.

ಹಾಗಾದರೆ ನನ್ನ ಯೋಜನೆ ಹೀಗಿದೆ. ಒಂದು, ಪರವಾನಗಿ ಇರುವ ಮೀನುಗಾರರೊಬ್ಬರನ್ನು ಜೊತೆಗಿಟ್ಟುಕೊಳ್ಳದೆ, ಇಲಾಖೆಯ ಒಪ್ಪಿಗೆ ಇಲ್ಲದೆ ಹೊರಡುವುದಿಲ್ಲ. ಪರಿಚಯದ ಮೀನುಗಾರರೊಬ್ಬರನ್ನು ಈಗಾಗಲೇ ಕಂಡು ಬಂದೆ. "ಡಿಸೆಂಬರಿನಲ್ಲಿ ನೀರು ತುಂಬಿರ್ತದೆ ಮೇಷ್ಟ್ರೇ, ಮೀನು ಹರಡಿಕೊಂಡಿರ್ತಾವೆ. ಜಾಸ್ತಿ ಸಿಗಲ್ಲ, ಹುಡುಗನಿಗೆ ಮೊದಲೇ ಹೇಳಿಬಿಡಿ" ಎಂದರು. ಅವರ ದುಡಿಮೆಯ ಒಂದು ದಿನದ ಕೂಲಿ ಕೊಡುವುದು ನಮ್ಮ ಧರ್ಮ. ಎರಡು, ಅಣೆಕಟ್ಟಿನ ಬುಡ, ತೂಬು, ನಾಲೆಗಳ ಹತ್ತಿರವೂ ಸುಳಿಯುವುದಿಲ್ಲ. ಅವರು ತೋರಿಸಿದ ದಡದಲ್ಲೇ ಕುಳಿತುಕೊಳ್ಳುವುದು. ಹಿನ್ನೀರಿನಡಿ ಮುಳುಗಿದ ಮರಗಳ ಕೊರಡುಗಳಿವೆ, ಕಾಲು ಹೂಳುವ ಕೆಸರಿದೆ, ಮೊಸಳೆಯೂ ಇದೆ. ಮೂರು, ತೆಪ್ಪ ಹತ್ತುವುದಾದರೆ ನನ್ನನ್ನೂ ಸೇರಿಸಿ ಎಲ್ಲರಿಗೂ ಲೈಫ್ ಜಾಕೆಟ್. ನಾಲ್ಕು, ಮರಿ ಸಿಕ್ಕರೆ, ಮಹಶೀರ್ ಸಿಕ್ಕರೆ, ಒದ್ದೆ ಕೈಯಿಂದ ಹಿಡಿದು ಕೂಡಲೇ ನೀರಿಗೆ ಬಿಡುವುದು. ಐದು, ಸೂರ್ಯ ಮುಳುಗುವ ಮೊದಲು ಮನೆ.

ಇದೇ ತಿಂಗಳು, ನಾನು ಕೆಲಸ ಮಾಡಿದ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಲಿದ್ದೇನೆ: ವರ್ಷಕ್ಕೊಮ್ಮೆ ಒಬ್ಬ ಮೀನುಗಾರರನ್ನೋ ಅಗ್ನಿಶಾಮಕ ದಳದವರನ್ನೋ ಕರೆಸಿ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ದಿನ ನೀರಿನ ಪಾಠ ಮಾಡಿಸಿ ಎಂದು. ನನ್ನ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಾಗಿರುವವರು ಅನೇಕರಿದ್ದೀರಿ. ನನ್ನ ಪತ್ರಕ್ಕೆ ಕಾಯಬೇಡಿ. ಶನಿವಾರ ಶಾಲೆ ಬಿಡುವಾಗ ಯಾವನಾದರೂ ಹುಡುಗ ನಿಮ್ಮ ಮೇಜಿನ ಬಳಿ ಬಂದು ಎರೆಹುಳದ ವಿಷಯ ಕೇಳಿದರೆ ದಯವಿಟ್ಟು ಗದರಿಸಬೇಡಿ. ಉತ್ತರ ಹೇಳಿ. ಅನಂತರ, "ಎಲ್ಲಿಗೆ ಹೋಗ್ತೀರಪ್ಪ, ಜೊತೆಗೆ ದೊಡ್ಡವರು ಯಾರಿದ್ದಾರೆ?" ಎಂದು ಕೇಳಿ. ಯಾರೂ ಇಲ್ಲವೆಂದರೆ, ಸಾಧ್ಯವಾದರೆ, ನೀವೇ ಹೋಗಿ.