ಅಲೆ ಮುರಿಯದ ಜಾಗ

ಬಿ.ಎಸ್‌ಸಿ. ಎರಡನೆಯ ವರ್ಷದ ಪರೀಕ್ಷೆ ಮುಗಿಸಿದ ನಾಲ್ವರು ಗೆಳೆಯರು ಬೆಂಗಳೂರಿನಲ್ಲಿ ರೈಲು ಹತ್ತಿ, ಮರುದಿನ ವಿಶಾಖಪಟ್ಟಣದಲ್ಲಿ ಇಳಿದರು. ಕೈಯಲ್ಲಿದ್ದುದು ಎರಡೇ ದಿನ. ನಾಲ್ವರೂ ಬಯಲುಸೀಮೆಯವರು, ಮೂವರು ಸಮುದ್ರವನ್ನು ಸಿನಿಮಾದಲ್ಲಲ್ಲದೆ ಬೇರೆಲ್ಲೂ ಕಂಡವರಲ್ಲ. ನಾಲ್ಕನೆಯವನು ಊರ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜಿ ಹೆಸರು ಮಾಡಿದವನು. ಮನೆಯವರು ಪ್ರವಾಸಕ್ಕೆ ಒಪ್ಪಿದ್ದೂ ಅವನನ್ನು ನೆಚ್ಚಿಯೇ.

ಊರು ನೋಡಲು ಸೊಗಸು. ದಕ್ಷಿಣಕ್ಕೆ ಡಾಲ್ಫಿನ್ಸ್ ನೋಸ್ ಎಂಬ ಬೆಟ್ಟ ಸಮುದ್ರದೊಳಕ್ಕೆ ಮೂಗು ಚಾಚಿ ನಿಂತು, 1933ರಲ್ಲಿ ಆರಂಭವಾದ ಬಂದರಿಗೆ ಗಾಳಿಮಳೆಯಿಂದ ಮರೆಯಾಗಿದೆ. ನಮ್ಮ ಸಿ.ವಿ. ರಾಮನ್ ಬಾಲ್ಯ ಕಳೆದದ್ದು ಈ ಊರಿನಲ್ಲೇ. ತಂದೆ ಇಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಆ ಹುಡುಗ, ಮುಂದೆ 1921ರ ಹಡಗು ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಬರೀ ಆಕಾಶದ ಪ್ರತಿಬಿಂಬವೆಂಬ ಮಾತನ್ನು ಒಪ್ಪದೆ ಹೋದದ್ದು ವಿಜ್ಞಾನದ ಚರಿತ್ರೆಯಲ್ಲಿ ದಾಖಲಾಗಿದೆ.

ಮಧ್ಯಾಹ್ನ ಗೆಳೆಯರು ರಾಮಕೃಷ್ಣ ಬೀಚಿನಲ್ಲಿ ಮರಳ ಮೇಲೆ ನಿಲ್ಲಿಸಿರುವ ಕುರ್ಸುರಾ ಜಲಾಂತರ್ಗಾಮಿಯನ್ನು ಹೊಕ್ಕರು. 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ದುಡಿದು, 2002ರಲ್ಲಿ ವಸ್ತುಸಂಗ್ರಹಾಲಯವಾದ ಹಡಗು ಅದು. ಉದ್ದ 91 ಮೀಟರ್, ಆದರೆ ಒಳಗೆ ಇಬ್ಬರು ಎದುರುಬದುರಾದರೆ ಒಬ್ಬ ಗೋಡೆಗೆ ಒರಗಬೇಕು. ಇಷ್ಟರಲ್ಲೇ ಸುಮಾರು 75 ಮಂದಿ ವಾಸಿಸುತ್ತಿದ್ದರು! ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿದರೆ ಹಡಗು ಮುಳುಗುತ್ತದೆ. ಒತ್ತಿಟ್ಟ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ಎಲ್ಲವೂ ಆರ್ಕಿಮಿಡೀಸನ ನಿಯಮವೇ.

ಹೊರಗೆ ಬರುವಾಗ ಈಜುಗಾರನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಒಂದು ಲೀಟರ್ ಸಿಹಿನೀರಿನ ತೂಕ 1000 ಗ್ರಾಂ, ಸಮುದ್ರದ ನೀರಿನದು ಸುಮಾರು 1025 ಗ್ರಾಂ. “ಹಾಗಾದ್ರೆ ಕೆರೆಗಿಂತ ಇಲ್ಲೇ ತೇಲೋದು ಸುಲಭ ಕಣ್ರೋ” ಎಂದ. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಸಿಗುವ ಉತ್ತರ.

ಅವನು ಜಾಗವನ್ನೂ ಜಾಣತನದಿಂದಲೇ ಆರಿಸಿದ. ಎಡಕ್ಕೂ ಬಲಕ್ಕೂ ಅಲೆಗಳು ಬೆಳ್ಳಗೆ ನೊರೆಗಟ್ಟಿ ಮುರಿಯುತ್ತಿದ್ದವು. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೊರೆಯಿಲ್ಲ, ನೀರು ಕೊಂಚ ಕಪ್ಪು, ಶಾಂತ. ಅಲ್ಲಿಗಿಳಿದು ಸೊಂಟದ ಆಳಕ್ಕೆ ಹೋಗುವಷ್ಟರಲ್ಲಿ ಕಾಲಡಿಯ ಮರಳು ಜಾರಿತು. ದಡದತ್ತ ತಿರುಗಿ ಈಜಿದ. ಎಷ್ಟು ಕೈ ಬಡಿದರೂ ದಡ ದೂರವೇ ಆಗುತ್ತಿತ್ತು. ತಮಾಷೆ ಮಾಡುತ್ತಿದ್ದಾನೆಂದು ಗೆಳೆಯರು ನಗುತ್ತಿದ್ದರು.

ನಗದೆ ಇದ್ದವನು ಬಲೆ ಹೆಣೆಯುತ್ತಿದ್ದ ಮುದುಕ ಬೆಸ್ತ. ಎದ್ದು ಓಡಿಬಂದವನೇ ತೆಲುಗಿನಲ್ಲಿ ಕೂಗುತ್ತ, ದಡದತ್ತ ಬೇಡ, ಪಕ್ಕಕ್ಕೆ, ಪಕ್ಕಕ್ಕೆ ಎಂದು ತೋಳು ಬೀಸಿದ. ಹುಡುಗನಿಗೆ ಭಾಷೆ ತಿಳಿಯದಿದ್ದರೂ ಕೈಸನ್ನೆ ತಿಳಿಯಿತು. ಹದಿನೈದಿಪ್ಪತ್ತು ಮೀಟರ್ ಅಡ್ಡಕ್ಕೆ ಈಜಿದ್ದೇ, ನೊರೆ ಅಲೆಗಳು ತಾವಾಗಿ ಅವನನ್ನು ದಡಕ್ಕೆ ತಳ್ಳಿದವು.

ಆಮೇಲೆ ಮುದುಕ ಒಂದು ತೆಂಗಿನ ಸಿಪ್ಪೆಯನ್ನು ನೊರೆಯ ಅಲೆಗೆ ಎಸೆದ. ಅದು ದಡಕ್ಕೆ ಬಂತು. ಇನ್ನೊಂದನ್ನು ಆ ಶಾಂತ ಪಟ್ಟಿಗೆ ಎಸೆದ. ಅದು ಸರಸರನೆ ಸಮುದ್ರದತ್ತ ಹೋಗಿ ಕಣ್ಮರೆಯಾಯಿತು. ಯಾವ ಪ್ರಯೋಗಾಲಯದಲ್ಲೂ ಇಷ್ಟು ಅಗ್ಗದ, ಇಷ್ಟು ಸ್ಪಷ್ಟವಾದ ಪ್ರಯೋಗ ನಡೆದಿರಲಾರದು.

ಅಲೆಗಳು ದಡಕ್ಕೆ ಹೊತ್ತು ತಂದ ನೀರು ಹಿಂದಿರುಗಲೇಬೇಕಷ್ಟೆ. ನೀರಡಿಯ ಮರಳ ದಿಬ್ಬದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಅದು ಒಟ್ಟಾಗಿ ಹೊಳೆಯಂತೆ ಹರಿದುಹೋಗುತ್ತದೆ. ತಗ್ಗಿನಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಮುರಿಯುವುದಿಲ್ಲ. ನೋಡುವವರಿಗೆ ಅದೇ ಸುರಕ್ಷಿತವೆಂದು ತೋರುತ್ತದೆ. ರಿಪ್ ಕರೆಂಟ್ ಎಂಬ ಈ ಸೆಳವಿನ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ಮೀರುತ್ತದೆ. ಒಲಿಂಪಿಕ್ಸ್ ಈಜುಗಾರನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಸೆಳವು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿ ದಣಿದವರು ಮುಳುಗುತ್ತಾರೆ. ಅಡ್ಡಕ್ಕೆ ಈಜಬೇಕು, ಆಗದಿದ್ದರೆ ಸುಮ್ಮನೆ ತೇಲುತ್ತ ಕೈ ಎತ್ತಬೇಕು. ದಡದಲ್ಲಿದ್ದವರು ಹಿಂದೆ ಧುಮುಕದೆ, ತೇಲುವ ವಸ್ತುವೊಂದನ್ನು ಎಸೆದು ಜನರನ್ನು ಕೂಗಿ ಕರೆಯಬೇಕು.

ಇದು ಪೂರ್ವ ತೀರದ ಮಾತು ಮಾತ್ರವಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಕ್ಕಳನ್ನು ಪ್ರವಾಸಕ್ಕೆ ಕಳಿಸುವಾಗ “ಈಜು ಬರುತ್ತದೆಯೇ?” ಎಂದು ಕೇಳುವ ತಂದೆತಾಯಿಗಳು, ಈಜು ಕಲಿತದ್ದು ಎಲ್ಲಿ ಎಂಬುದನ್ನೂ ಕೇಳುವುದು ಒಳ್ಳೆಯದು. ಕೆರೆಯ ನೀರು ನಿಂತ ನೀರು.

ಮರುದಿನ ನಾಲ್ವರೂ ಭೀಮುನಿಪಟ್ಟಣದ ದಾರಿಯ ಕೆಂಪು ಮರಳ ದಿಬ್ಬಗಳನ್ನು ನೋಡಿಬಂದರು. ಸಂಜೆ ಸ್ಟೇಷನ್ನಿನಿಂದ ಈಜುಗಾರ ಮನೆಗೆ ಫೋನು ಮಾಡಿ, ಜಲಾಂತರ್ಗಾಮಿಯ ತೊಟ್ಟಿಗಳನ್ನೂ ರಾಮನ್ನರ ಬಾಲ್ಯವನ್ನೂ ಉತ್ಸಾಹದಿಂದ ವರ್ಣಿಸಿದ.

“ಸಮುದ್ರಕ್ಕೆ ಇಳಿದ್ಯೇನೋ?” ಎಂದರು ತಾಯಿ.

“ಸೊಂಟದ ತನಕ ಅಷ್ಟೇ ಕಣಮ್ಮಾ” ಎಂದ. ಗೆಳೆಯರು ಮೂವರೂ ಹಳಿಗಳತ್ತ ನೋಡುತ್ತಿದ್ದರು.