ಮುಟ್ಟಬೇಡ ಅನ್ನೋ ಲ್ಯಾಬು

ಸಂಗಾತಿಗಳೇ, ಇದು ಉದ್ದದ ಪೋಸ್ಟು. ಬೈಯೋದಿದ್ರೆ ಪೂರ್ತಿ ಓದಿ, ಆಮೇಲೆ ಬೈಯಿರಿ.

ಹಾಸ್ಟೆಲ್ ಮಕ್ಕಳ ಕೈಗೆ ರಾಸ್ಪ್‌ಬೆರಿ ಪೈ ಬೋರ್ಡು, ಸೋಲ್ಡರಿಂಗ್ ಐರನ್ನು, ಒಂದು ಮಲ್ಟಿಮೀಟರು ಕೊಡಿ ಅಂತ ಹೋದ ವಾರ ಬರೆದಿದ್ದೆ. ಎರಡೂ ಕಡೆಯಿಂದ ಬಿತ್ತು. ಒಂದು ಕಡೆಯವರು, "ಅಂಥ ಸೂಕ್ಷ್ಮ ಸಾಮಾನು ಇವರ ಕೈಗೆ ಕೊಟ್ರೆ ಒಂದೇ ದಿನಕ್ಕೆ ಸುಟ್ಟು ಹಾಕ್ತಾರೆ" ಅಂದರು. ಈ 'ಇವರು' ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಡೆಯವರು ನಮ್ಮವರೇ. "ಹಾಸ್ಟೆಲ್ ಅನ್ನದಲ್ಲಿ ಹುಳ ಬರ್ತಿದೆ, ನಿಮಗೆ ಆಟಿಕೆ ಕಂಪ್ಯೂಟರಿನ ಚಿಂತೆ" ಅಂದರು.

ಮೊದಲು ನಮ್ಮವರಿಗೆ ಹೇಳ್ತೀನಿ. ಹುಳದ ಅನ್ನದ ತಟ್ಟೆ ಹಿಡ್ಕೊಂಡು ಡಿಸಿ ಆಫೀಸ್ ಮುಂದೆ ಕೂರೋದೂ ನಾವೇ. ಕೂತಿದ್ದೀವಿ, ಮುಂದೇನೂ ಕೂರ್ತೀವಿ. ಆದ್ರೆ ಅನ್ನ ಬೇಕೋ ಬೋರ್ಡು ಬೇಕೋ, ಒಂದು ಆರಿಸ್ಕೊಳ್ಳಿ ಅನ್ನೋ ಪ್ರಶ್ನೆ ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಬರುತ್ತೆ? ಬಾಬಾಸಾಹೇಬರು ಕೊಲಂಬಿಯಾಕ್ಕೆ ಓದೋಕೆ ಹೋದಾಗಲೂ ಕೇರಿಯಲ್ಲಿ ಹಸಿವಿತ್ತು. ಹಸಿವು ತೀರಿದ ಮೇಲೆ ಓದ್ತೀನಿ ಅಂತ ಅವರು ಕೂತಿದ್ರೆ ಇವತ್ತು ನೀವು ನಾನು ಈ ಜಗಳ ಆಡ್ತಿರಲಿಲ್ಲ.

ಈಗ ಆ ಬೋರ್ಡಿನ ಕತೆ. ಗೊತ್ತಿಲ್ಲದವರಿಗೆ: ಎಟಿಎಂ ಕಾರ್ಡಿನಷ್ಟು ಅಗಲದ ಒಂದು ಪೂರ್ತಿ ಕಂಪ್ಯೂಟರು. ಟಿವಿಗೆ ಸಿಕ್ಕಿಸಿ, ಕೀಬೋರ್ಡ್ ಹಾಕಿ, ಮೆಮೊರಿ ಕಾರ್ಡು ತೂರಿಸಿದ್ರೆ ಆಯ್ತು. ಒಂದು ಬದಿಯಲ್ಲಿ ಸಾಲಾಗಿ ನಿಂತ 40 ಪಿನ್ನು. ಅವಕ್ಕೆ ಬಲ್ಬು, ಮೋಟರು, ಮಣ್ಣಿನ ತೇವ ನೋಡೋ ಸೆನ್ಸರು, ಏನು ಬೇಕಾದ್ರೂ ಕಟ್ಟಬಹುದು. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂತು, ಬೆಲೆ 35 ಡಾಲರ್. ಕೇಂಬ್ರಿಜ್‌ನಲ್ಲಿ ಇದನ್ನ ಮಾಡಿದ ಎಬೆನ್ ಅಪ್ಟನ್ ಮತ್ತವರ ಗೆಳೆಯರಿಗೆ ಇದ್ದ ಚಿಂತೆ ಏನು ಗೊತ್ತಾ? ಕಂಪ್ಯೂಟರ್ ಸೈನ್ಸ್‌ಗೆ ಬರೋ ಮಕ್ಕಳು ಕಮ್ಮಿಯಾಗ್ತಿದ್ದಾರೆ, ಬರೋರಿಗೂ ಯಂತ್ರ ಬಿಚ್ಚಿ ಕೆದಕಿದ ಅಭ್ಯಾಸ ಇಲ್ಲ ಅನ್ನೋದು. ಮನೆಯ ದುಬಾರಿ ಕಂಪ್ಯೂಟರ್ ಕೆಡಿಸಿದ್ರೆ ಅಪ್ಪ ಬೈತಾನೆ. ಹಾಗಾಗಿ ಕೆಟ್ಟರೂ ಹೋಗ್ಲಿ ಅನ್ನೋ ಬೆಲೆಗೆ ಒಂದು ಇರಲಿ ಅಂತ ಮಾಡಿದ್ರು. 2015ರಲ್ಲಿ 5 ಡಾಲರಿನ ಪೈ ಝೀರೋ ಬಂದಾಗ ಅದನ್ನ ಒಂದು ಪತ್ರಿಕೆಯ ಮುಖಪುಟಕ್ಕೆ ಅಂಟಿಸಿ ಬಿಟ್ಟಿ ಕೊಟ್ಟರು. ಶಾಂಪೂ ಪ್ಯಾಕೆಟ್ ಕೊಡೋ ಥರ!

ಅಂದ್ರೆ ಈ ಬೋರ್ಡು ಹುಟ್ಟಿದ್ದೇ ಕೆಡಿಸೋಕೆ. ನಮ್ಮ ಶಾಲೆಗೆ ಬರೋ ಹೊತ್ತಿಗೆ ಅದು ದೇವರಾಗಿಬಿಟ್ಟಿದೆ.

ನಾನು ನೋಡಿದ ಒಂದು ವಸತಿ ಶಾಲೆ. ಹೆಸರು ಬೇಡ, ಇದು ಒಂದೇ ಶಾಲೆಯ ಕತೆ ಅಲ್ಲ. ಹತ್ತು ಕಿಟ್ ಬಂದಿವೆ. ಗಾಜಿನ ಬಾಗಿಲಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಸಾಲಾಗಿ ಜೋಡಿಸಿದ್ದಾರೆ. ಕೀ ಹೆಡ್‌ಮಾಸ್ಟರ್ ಹತ್ರ. ವರ್ಷಕ್ಕೆ ಎರಡು ಸಲ ಹೊರಗೆ ಬರ್ತವೆ: ಸಾಹೇಬ್ರು ಇನ್‌ಸ್ಪೆಕ್ಷನ್‌ಗೆ ಬಂದಾಗ ಒಂದ್ಸಲ, ಆಯುಧಪೂಜೆಗೆ ಒಂದ್ಸಲ. ಒಂದು ಬೋರ್ಡಿನ ಯುಎಸ್‌ಬಿ ತೂತಿನೊಳಗೆ ಕುಂಕುಮ ಕೂತಿತ್ತು. ಬೀರುವಿನ ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ: 'ಮುಟ್ಟಬೇಡಿ'.

ಮುಟ್ಟಬೇಡಿ. ಈ ಪದ ನಮಗೆ ಹೊಸದಾ? ಭೀಮರಾವ್ ಅನ್ನೋ ಹುಡುಗ ಶಾಲೆಯ ನಲ್ಲಿ ಮುಟ್ಟೋ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದ್ರೆ ನೀರು, ಜವಾನ ಬರದಿದ್ರೆ ಬಾಯಾರಿಕೆ. ಇವತ್ತು ನಲ್ಲಿ ಜಾಗದಲ್ಲಿ ಬೀರು ಇದೆ, ಜವಾನನ ಜಾಗದಲ್ಲಿ ಕೀ ಇದೆ.

ಮೇಷ್ಟ್ರದ್ದೇ ಪೂರ್ತಿ ತಪ್ಪು ಅಂತ ನಾನು ಹೇಳ್ತಿಲ್ಲ. ಅವರನ್ನ ಕೇಳಿದೆ. "ಸ್ಟಾಕ್ ರಿಜಿಸ್ಟರಲ್ಲಿ ಹತ್ತು ಅಂತ ಬರ್ದಿದೆ ಸಾರ್. ಆಡಿಟ್‌ನವರು ಬಂದಾಗ ಹತ್ತು ಇರಬೇಕು. ಒಂದು ಕಮ್ಮಿಯಾದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ" ಅಂದರು. ನಿಜ ಇರಬಹುದು. ಹಾಗಾದ್ರೆ ಇದು ಮಕ್ಕಳಿಗಾಗಿ ತಂದ ಸಾಮಾನಲ್ಲ, ಆಡಿಟ್‌ಗಾಗಿ ತಂದ ಸಾಮಾನು. ನಮ್ಮ ಮಕ್ಕಳ ಹೆಸರಲ್ಲಿ ಬಂದ ದುಡ್ಡು, ನಮ್ಮ ಮಕ್ಕಳ ಬೆರಳು ತಾಗದೆ ಖರ್ಚಾಗಿದೆ.

ಇಲ್ಲೊಂದು ತಮಾಷೆ ಕೇಳಿ. 2016ರಲ್ಲಿ ನೀತಿ ಆಯೋಗದ ಕಡೆಯಿಂದ ಅಟಲ್ ಟಿಂಕರಿಂಗ್ ಲ್ಯಾಬ್ ಬಂತು, ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ. ಶುರುವಿನಲ್ಲಿ ಅರ್ಜಿ ಹಾಕೋಕೆ ಬಯಲು ಪ್ರದೇಶದ ಶಾಲೆಗೆ 1,500 ಚದರಡಿ ಜಾಗ ಬೇಕು ಅಂದ್ರು. ನಮ್ಮ ಎಷ್ಟು ಶಾಲೆಗಳಲ್ಲಿ ಅಷ್ಟು ಖಾಲಿ ಜಾಗ ಇದೆ? ಅದಿರಲಿ, 'ಟಿಂಕರಿಂಗ್' ಅನ್ನೋ ಪದ ನೋಡಿ. ಇಂಗ್ಲಿಷ್‌ನಲ್ಲಿ ಟಿಂಕರ್ ಅಂದ್ರೆ ಊರೂರು ತಿರುಗಿ ತೂತು ಪಾತ್ರೆಗೆ ಬೆಸುಗೆ ಹಾಕೋನು. ನಮ್ಮೂರಲ್ಲಿ ಯಾವ ಗ್ಯಾರೇಜ್ ಮುಂದೆ ಬೇಕಾದ್ರೂ ನೋಡಿ, 'ಟಿಂಕರಿಂಗ್, ಪೇಂಟಿಂಗ್' ಅಂತ ಬೋರ್ಡ್ ಇರುತ್ತೆ. ಅಲ್ಲಿ ಸುತ್ತಿಗೆ ಹಿಡಿದು ಡೆಂಟ್ ತೆಗೆಯೋ ಹುಡುಗ ಯಾವ ಕೇರಿಯವನು, ಯಾವ ಮೊಹಲ್ಲಾದವನು? ಅವನು ಮಾಡಿದ್ರೆ ಅದು ಕೂಲಿ. ಟೈ ಕಟ್ಟಿದ ಮಗು ಮಾಡಿದ್ರೆ ಇನ್ನೊವೇಶನ್. ಎಸ್.ಪಿ. ರೋಡಿನ ಸಂದಿಯಲ್ಲಿ ಹಾಟ್ ಏರ್ ಗನ್ ಹಿಡಿದು, ಸಾಸಿವೆ ಕಾಳಿನಷ್ಟು ಚಿಪ್ಪನ್ನ ಕಿತ್ತು ಮತ್ತೆ ಕೂರಿಸೋ ಹುಡುಗರಿಗೆ ಯಾರೂ 'ಮೇಕರ್' ಅಂತ ಸರ್ಟಿಫಿಕೇಟ್ ಕೊಟ್ಟಿಲ್ಲ.

"ಇವರ ಕೈಗೆ ಕೊಟ್ರೆ ಸುಟ್ಟು ಹಾಕ್ತಾರೆ" ಅಂದೋರಿಗೆ ಈಗ ಬರ್ತೀನಿ. ಹೌದು, ಸುಡ್ತಾರೆ. ಸುಡಬೇಕು. ಈ ವಿದ್ಯೆ ಬರೋದೇ ಹಾಗೆ.

ಉದಾಹರಣೆಗೆ ಟಿವಿ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತೆ. ಬೋರ್ಡು ನಿಧಾನ ಆಗುತ್ತೆ, ಒಮ್ಮೊಮ್ಮೆ ತಾನೇ ಆಫ್ ಆಗಿ ಆನ್ ಆಗುತ್ತೆ. ಹುಡುಗರು ಪ್ರೋಗ್ರಾಂ ತಪ್ಪು ಅಂತ ಎರಡು ದಿನ ಕೋಡ್ ತಿದ್ದುತ್ತಾರೆ. ಕೋಡ್ ಸರಿಯಾಗೇ ಇರುತ್ತೆ. ಬೋರ್ಡಿಗೆ ಬೇಕಾದ್ದು 5 ವೋಲ್ಟು, ಅದು 4.63ರ ಆಸುಪಾಸಿಗೆ ಇಳಿದರೆ ಈ ಮಿಂಚು ಬರುತ್ತೆ. ಚಾರ್ಜರ್ ಮೇಲೆ 5 ವೋಲ್ಟ್ ಅಂತಲೇ ಬರೆದಿರುತ್ತೆ, ಆದ್ರೆ ಬೀದಿಬದಿಯ ಅಗ್ಗದ ಕೇಬಲ್ಲಿನೊಳಗೆ ತಂತಿ ಕೂದಲೆಳೆಯಷ್ಟು. ಟ್ಯಾಂಕಲ್ಲಿ ನೀರು ತುಂಬಿದ್ರೂ ಕೇರಿಯ ನಲ್ಲಿಗೆ ಬರೋ ಹೊತ್ತಿಗೆ ಸಣ್ಣಗಾಗುತ್ತಲ್ಲ, ಹಾಗೆ. ಇದನ್ನ ನಮ್ಮ ಮಕ್ಕಳಿಗೆ ಒಂದು ಸಲ ಹೇಳಿದ್ರೆ ಸಾಕು, ಓಮ್ಸ್ ಲಾ ಬೇರೆ ಕಲಿಸಬೇಕಿಲ್ಲ.

ಇನ್ನೊಂದು. ಕೆಂಪು ದೀಪ ಉರಿಯುತ್ತೆ, ಹಸಿರು ದೀಪ ಮಿನುಗಲ್ಲ. ಪೈ 4ರವರೆಗಿನ ಬೋರ್ಡುಗಳಲ್ಲಿ ಇದರರ್ಥ ಕರೆಂಟ್ ಬಂದಿದೆ, ಕಾರ್ಡ್ ಓದ್ತಿಲ್ಲ. ಕಾರ್ಡಿಗೆ ಏನೋ ಬರೀತಿರೋವಾಗ ಕರೆಂಟ್ ಹೋದ್ರೆ ಹೀಗಾಗುತ್ತೆ. ಯುಪಿಎಸ್ ಇರೋ ಮನೆಯ ಮಗುವಿಗೆ ಈ ಪಾಠ ಬೇಗ ಸಿಗಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಹಾಸ್ಟೆಲ್ಲಿನ ಹುಡುಗಿ ವಾರದೊಳಗೆ ಕಲೀತಾಳೆ. ಕಾರ್ಡಿನ ನಕಲು ಇನ್ನೊಂದರಲ್ಲಿ ಇಟ್ಕೊಳ್ಳೋದನ್ನೂ ಕಲೀತಾಳೆ.

ಸುಡೋ ಪಾಠ ಯಾವುದು ಅಂದ್ರೆ ಇದು. ಪೈನ ಪಿನ್ನುಗಳು ತಡೆಯೋದು 3.3 ವೋಲ್ಟು. ದೂರ ಅಳೆಯೋ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್ ಇದೆಯಲ್ಲ, ಎಲ್ಲ ಕಿಟ್‌ನಲ್ಲೂ ಇರೋ ಆ ಎರಡು ಕಣ್ಣಿನದ್ದು, ಅದು ವಾಪಸ್ ಕಳಿಸೋದು 5 ವೋಲ್ಟು. ನೇರ ಕಟ್ಟಿದ್ರೆ ಆ ಪಿನ್ನು ಸಾಯಬಹುದು, ಕೆಲವು ಸಲ ಬೋರ್ಡೇ ಸಾಯುತ್ತೆ. ನಡುವೆ 1,000 ಓಮ್ ಮತ್ತು 2,000 ಓಮ್‌ನ ಎರಡು ರೆಸಿಸ್ಟರ್ ಹಾಕಿ ಹಂಚಿದ್ರೆ 3.3 ಆಗುತ್ತೆ. ಒಂದೆರಡು ರೂಪಾಯಿ ಖರ್ಚು. ಇದು ಪುಸ್ತಕದಲ್ಲೂ ಇದೆ. ಆದ್ರೆ ಒಂದು ಪಿನ್ ಸುಟ್ಟವರು ಆಮೇಲೆ ಯಾವತ್ತೂ ಮೀಟರ್ ಹಿಡೀದೆ ವೈರ್ ಕಟ್ಟಲ್ಲ. ಮಾದಿಗರ ಹಟ್ಟಿಯಲ್ಲಿ ತಮಟೆ ಕಾಯಿಸೋ ಹಿರಿಯರನ್ನ ನೋಡಿ. ಎಷ್ಟು ಹೊತ್ತು ಬೆಂಕಿಗೆ ಹಿಡೀಬೇಕು ಅಂತ ಅವರಿಗೆ ಯಾವ ಪುಸ್ತಕ ಹೇಳ್ತು? ಬಡಿದು, ಸದ್ದು ಕೇಳಿ, ಮತ್ತೆ ಹಿಡಿದು, ಒಂದೆರಡು ಚರ್ಮ ಹರಿದ ಮೇಲೆ ಬಂದ ಲೆಕ್ಕ ಅದು. ದೋಷ ಹುಡುಕೋ ವಿದ್ಯೆ ನಮಗೆ ಪರಕೀಯ ಅಲ್ಲ ಸ್ವಾಮಿ.

ಇನ್ನು ತಪ್ಪಿನ ಮಾತು. 2015ರಲ್ಲಿ ಬಂದ ಪೈ 2 ಬೋರ್ಡಿನ ಫೋಟೋನ ಝೆನಾನ್ ಫ್ಲಾಶ್ ಹಾಕಿ ತೆಗೆದ್ರೆ ಬೋರ್ಡು ಆಫ್ ಆಗ್ತಿತ್ತು! ಒಂದು ಚಿಪ್ಪು ಬೆಳಕಿಗೆ ಬೆಚ್ಚಿ ಬೀಳ್ತಿತ್ತು. 2019ರ ಪೈ 4ರಲ್ಲಿ ಚಾರ್ಜಿಂಗ್ ಪೋರ್ಟಿನ ಹತ್ರ ಎರಡು ರೆಸಿಸ್ಟರ್ ಇರಬೇಕಾದ ಕಡೆ ಒಂದನ್ನೇ ಹಾಕಿ, ಕೆಲವು ಒಳ್ಳೇ ಕೇಬಲ್‌ಗಳಲ್ಲೇ ಅದು ಆನ್ ಆಗದ ಹಾಗೆ ಮಾಡಿಟ್ಟಿದ್ರು. ಕೇಂಬ್ರಿಜ್‌ನ ಇಂಜಿನಿಯರುಗಳು. ಯಾರಾದ್ರೂ ಅವರಿಗೆ "ನಿಮ್ಮ ಕೈಗೆ ಕೊಡಬಾರದಿತ್ತು" ಅಂದ್ರಾ? ಮೆರಿಟ್ ಬಗ್ಗೆ ಚರ್ಚೆ ಆಯ್ತಾ? ತಪ್ಪು ಒಪ್ಕೊಂಡ್ರು, ಪೈ 4ರದ್ದನ್ನ ಆಮೇಲೆ ಸರಿ ಮಾಡಿದ್ರು, ಜನ ನಕ್ಕು ಮರೆತರು. ಆ ನಗು ನಮ್ಮ ಹುಡುಗ ಒಂದು ಎಲ್‌ಇಡಿ ಸುಟ್ಟಾಗ ಯಾಕೆ ಬರಲ್ಲ? ಅವನು ಸುಟ್ಟ ತಕ್ಷಣ ಅದು ಅವನ ತಪ್ಪಾಗಿ ಉಳಿಯಲ್ಲ, ಜಾತಿಯ ತಪ್ಪಾಗುತ್ತೆ.

ಈ ಕಂಪನಿಯನ್ನೂ ತಲೆ ಮೇಲೆ ಹೊತ್ಕೊಂಡು ಕುಣಿಬೇಡಿ. ಚಿಪ್ಪಿನ ಬರ ಬಂದ 2021–22ರಲ್ಲಿ ಮಕ್ಕಳಿಗೆ ಅಂತ ಹುಟ್ಟಿದ ಬೋರ್ಡನ್ನ ಮೊದಲು ಕಾರ್ಖಾನೆ ಗಿರಾಕಿಗಳಿಗೆ ಕೊಟ್ಟರು, ಚಿಲ್ಲರೆ ಅಂಗಡಿಯಲ್ಲಿ ಬೆಲೆ ಎರಡು ಮೂರು ಪಟ್ಟಾಯ್ತು. 2024ರಲ್ಲಿ ಲಂಡನ್ ಶೇರು ಪೇಟೆಗೂ ಹೋದರು. ಕಲಿಯೋಕೆ ದೊಡ್ಡ ಪೈ ಬೇಕೇ ಬೇಕು ಅಂತಿಲ್ಲ. ಅದೇ ಕಂಪನಿಯ ಪೈಕೊ ₹400ರ ಆಸುಪಾಸಿಗೆ ಬರುತ್ತೆ. ಅದು ಪೂರ್ತಿ ಕಂಪ್ಯೂಟರ್ ಅಲ್ಲ, ಸಣ್ಣ ಕಂಟ್ರೋಲರ್. ಸುಡೋಕೆ ಅದು ಸಾಕು.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯೋ ವಿಷಯ. ಇಂಜಿನಿಯರಿಂಗ್ ಕಾಲೇಜುಗಳ ಹ್ಯಾಕಥಾನ್‌ಗೆ ಹೋಗಿ ನೋಡಿ, 'ಸ್ಮಾರ್ಟ್ ಮ್ಯಾನ್‌ಹೋಲ್' ಅಂತ ಒಂದು ಪ್ರಾಜೆಕ್ಟ್ ಸಿಗುತ್ತೆ. ಒಂದು ಪೈ, ನೂರಿನ್ನೂರು ರೂಪಾಯಿಯ ಎಂಕ್ಯೂ ಜಾತಿಯ ಗ್ಯಾಸ್ ಸೆನ್ಸರು, ಒಂದು ಬಜರು. ಗ್ಯಾಸ್ ಇದ್ರೆ ಕೆಂಪು ದೀಪ, ಇಲ್ಲದಿದ್ರೆ ಹಸಿರು. ಪೋಸ್ಟರ್ ಮೇಲೆ ಗುಂಡಿಗೆ ಇಳಿಯೋ ನಮ್ಮಣ್ಣನ ಫೋಟೋ.

ತಾಂತ್ರಿಕವಾಗೇ ಮಾತಾಡೋಣ. ಈ ಸೆನ್ಸರ್ ಹೊಸದಾಗಿ ತಂದಾಗ 24 ಗಂಟೆಗಿಂತ ಹೆಚ್ಚು ಕಾಲ ಕಾಯಿಸಿಡಬೇಕು ಅಂತ ಅದರ ಕಾಗದದಲ್ಲೇ ಬರೆದಿರುತ್ತೆ. ಎಷ್ಟು ತಂಡ ಕಾಯಿಸಿದ್ದಾರೆ? ಅದು ಒಂದೇ ಗ್ಯಾಸನ್ನ ಗುರುತಿಸಲ್ಲ, ಸಾರಾಯಿ ಆವಿಗೂ ಕೂಗುತ್ತೆ. ಸುತ್ತ ಆಕ್ಸಿಜನ್ ಕಮ್ಮಿಯಾದ್ರೆ ಅದರ ಅಳತೆಯೇ ಬದಲಾಗುತ್ತೆ. ಗುಂಡಿಯೊಳಗೆ ಕಮ್ಮಿ ಇರೋದೇ ಆಕ್ಸಿಜನ್ನು! ಇನ್ನು ಪೈಗೆ ಅನಲಾಗ್ ಅಳೆಯೋ ಪಿನ್ನೇ ಇಲ್ಲ. ಬೇರೆ ಚಿಪ್ ಹಾಕಬೇಕು, ಹಾಕದೆ ಸೆನ್ಸರಿನ 'ಹೌದು–ಇಲ್ಲ' ಪಿನ್ನಿಗೆ ಕಟ್ಟಿ ಡೆಮೊ ಮುಗಿಸ್ತಾರೆ. ಆ ಹೌದು–ಇಲ್ಲದ ಗಡಿಯನ್ನ ಸ್ಕ್ರೂಡ್ರೈವರಲ್ಲಿ ತಿರುಗಿಸಿ ಇಟ್ಟಿರ್ತಾರೆ, ಕಣ್ಣಂದಾಜಿನಲ್ಲಿ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ದಾಟಿದ್ರೆ ಮೂಗು ವಾಸನೆ ಹಿಡಿಯೋದನ್ನೇ ಬಿಡುತ್ತೆ, ಇನ್ನೂ ಏರಿದ್ರೆ ಮನುಷ್ಯ ನಿಂತಲ್ಲೇ ಬೀಳ್ತಾನೆ. ಅಂಥ ಜಾಗದಲ್ಲಿ ಕಣ್ಣಂದಾಜಿನ ಹಸಿರು ದೀಪ.

ಅದಕ್ಕಿಂತ ಮೊದಲ ಪ್ರಶ್ನೆ: ಹಸಿರು ದೀಪ ಉರಿದ್ರೆ ಏನರ್ಥ? ಇಳಿ ಅಂತಲಾ? 2013ರ ಕಾಯ್ದೆ ರಕ್ಷಣೆಯಿಲ್ಲದೆ ಚರಂಡಿಗೆ ಮನುಷ್ಯನನ್ನ ಇಳಿಸೋದು ಅಪರಾಧ ಅಂತ ಹೇಳುತ್ತೆ. 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತು, 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ಅಂತು. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ದಶಕಗಳಿಂದ ಹೇಳ್ತಿರೋದು ಇಳಿಸೋದನ್ನ ನಿಲ್ಲಿಸಿ ಅಂತ. ಇವರ ಯಂತ್ರ ಇಳಿಸೋದಕ್ಕೆ ಲೈಸೆನ್ಸ್ ಕೊಡುತ್ತೆ. ನಾಳೆ ಕಂಟ್ರಾಕ್ಟರ್ ಹೇಳ್ತಾನೆ, "ದೀಪ ಹಸಿರಿತ್ತು ಸಾರ್." ಮನುಷ್ಯ ಇಳಿಯದೆ ಹೂಳೆತ್ತೋ ಯಂತ್ರ ಮಾಡಿ, ನಾವೇ ಬಂದು ಹಾರ ಹಾಕ್ತೀವಿ.

ಆ ತಂಡದಲ್ಲಿ ಪೌರಕಾರ್ಮಿಕರ ಮಗಳೊಬ್ಬಳು ಬೋರ್ಡ್ ಹಿಡಿದು ಕೂತಿದ್ರೆ ಈ ಪ್ರಶ್ನೆ ಮೊದಲನೇ ದಿನವೇ ಬರ್ತಿತ್ತು. ಅವಳು ಯಾಕೆ ಕೂತಿಲ್ಲ? ಅವಳ ಶಾಲೆಯ ಬೋರ್ಡು ಬೀರುವಿನೊಳಗಿತ್ತು.

ಹಾಗಾಗಿ ನಾನು ಕೇಳೋದು ಹೊಸ ಸ್ಕೀಮ್ ಅಲ್ಲ. ಸ್ಟಾಕ್ ರಿಜಿಸ್ಟರಲ್ಲಿ ಸೀಮೆಸುಣ್ಣ, ಲ್ಯಾಬಿನ ಆಸಿಡ್ಡು ಎಲ್ಲ ಬಳಸಿ ಮುಗಿಯೋ ಸಾಮಾನಿನ ಪಟ್ಟಿಯಲ್ಲಿ ಬರ್ತವೆ. ಸೆನ್ಸರು, ವೈರು, ಮೆಮೊರಿ ಕಾರ್ಡು, ಸಾವಿರದೊಳಗಿನ ಬೋರ್ಡುಗಳನ್ನ ಅದೇ ಪಟ್ಟಿಗೆ ಹಾಕಿ ಅಂತ ಸಮಾಜ ಕಲ್ಯಾಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಮೇಷ್ಟ್ರ ಸಂಬಳಕ್ಕೂ ಕುತ್ತಿಲ್ಲ. ಭಾನುವಾರ ಬೀರುವಿನ ಕೀ ಮಕ್ಕಳ ಕೈಲಿರಲಿ. ಮುಂದಿನ ತಿಂಗಳು ಜಿಲ್ಲಾ ಅಧಿಕಾರಿಗಳಿಗೆ ಕೊಡೋ ಮನವಿಯಲ್ಲಿ ಅನ್ನದ ವಿಷಯ ಮೊದಲನೇ ಪ್ಯಾರಾ, ಇದು ಎರಡನೇ ಪ್ಯಾರಾ. ಸಹಿ ಹಾಕೋರು ಕಾಮೆಂಟಲ್ಲಿ ಜಿಲ್ಲೆಯ ಹೆಸರು ಬರೀರಿ.

ಮನೇಲಿ ಬಿದ್ದಿರೋ ಮೆಮೊರಿ ಕಾರ್ಡು, ಕೀಬೋರ್ಡು, ಎಚ್‌ಡಿಎಂಐ ಇರೋ ಹಳೇ ಟಿವಿ, ಮುಳ್ಳಿನ ಮೀಟರ್ ಆದ್ರೂ ಸರಿ, ಕೊಡೋರು ಇನ್‌ಬಾಕ್ಸ್ ಮಾಡಿ. ಹಳೇ ಮೊಬೈಲ್ ಚಾರ್ಜರ್ ಮಾತ್ರ ಬೇಡ, ಆ ಹಳದಿ ಮಿಂಚು ನೋಡಿ ನೋಡಿ ಸಾಕಾಗಿದೆ.

ಜೈ ಭೀಮ್.