ಅಂತರ್ಜಾಲ ಬಂದ ಮೇಲೆ ಮುಚ್ಚುವ ಕಿಟಕಿಗಳು

ಜಗತ್ತಿನಲ್ಲಿ ಅಂತರ್ಜಾಲ ಬಳಸುವವರು ಎಷ್ಟು ಮಂದಿ ಎಂಬ ಲೆಕ್ಕವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪ್ರತಿವರ್ಷವೂ ಒಪ್ಪಿಸುತ್ತದೆ. 2024ರ ಲೆಕ್ಕದಂತೆ 550 ಕೋಟಿ ಜನ ಜಾಲದೊಳಗಿದ್ದರು, 260 ಕೋಟಿ ಜನ ಹೊರಗಿದ್ದರು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 93 ಮಂದಿಗೆ ಈ ಸೌಲಭ್ಯವಿದ್ದರೆ ಕಡುಬಡ ದೇಶಗಳಲ್ಲಿ ನೂರಕ್ಕೆ 27 ಮಂದಿಗೆ ಮಾತ್ರ. ಇಂಥ ಅಂಕಿಗಳನ್ನು ಮುಂದಿಟ್ಟುಕೊಂಡು ನಡೆಯುವ ಚರ್ಚೆ ಬಹುಮಟ್ಟಿಗೆ ಒಂದೇ ಜಾಡು ಹಿಡಿಯುತ್ತದೆ: 27ನ್ನು 93ಕ್ಕೆ ಏರಿಸುವುದು ಹೇಗೆ? ಗೋಪುರಗಳು ಏಳಬೇಕು, ಫೋನು ಅಗ್ಗವಾಗಬೇಕು, ಜನ ಅದನ್ನು ಬಳಸಲು ಕಲಿಯಬೇಕು. ಇದೆಲ್ಲ ಆಗಬೇಕಾದದ್ದೇ. ಆದರೆ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಅಂತರ್ಜಾಲ ಬಂದ ಊರಿನಲ್ಲಿ, ಗುಮಾಸ್ತರೊಬ್ಬರು ಕುಳಿತು ಅರ್ಜಿ ಪಡೆಯುತ್ತಿದ್ದ ಆ ಹಳೆಯ ಕಿಟಕಿ ತೆರೆದೇ ಇರುತ್ತದೆಯೋ, ಮುಚ್ಚಿಹೋಗುತ್ತದೆಯೋ?

ಈ ಮಾತನ್ನು ತಂತ್ರಜ್ಞಾನದ ಮೇಲಿನ ಮುನಿಸಿನಿಂದ ಹೇಳುತ್ತಿಲ್ಲ. ಸಾಗರದಡಿಯ ಕೇಬಲ್ಲುಗಳು ಆಫ್ರಿಕಾದ ಕರಾವಳಿ ತಲುಪಿದ ಮೇಲೆ ಅಲ್ಲಿನ ಉದ್ಯೋಗಾವಕಾಶಗಳು ಹೆಚ್ಚಿದ್ದನ್ನು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಕೆನ್ಯಾದಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆ ಸುಮಾರು ಎರಡು ಲಕ್ಷ ಕುಟುಂಬಗಳನ್ನು ಬಡತನದಿಂದ ಮೇಲೆತ್ತಿತೆಂದು 2016ರ ಅಧ್ಯಯನವೊಂದು ಅಂದಾಜು ಮಾಡಿತು. ಆದರೆ ಎಂ-ಪೆಸಾ ಗೆದ್ದದ್ದು ಹೇಗೆ ಎಂಬುದನ್ನೂ ಗಮನಿಸಬೇಕು. ಅದು ಅಂತರ್ಜಾಲವನ್ನೇ ಬೇಡಲಿಲ್ಲ. ಅತಿ ಸಾಧಾರಣ ಫೋನಿನಲ್ಲೂ ನಡೆಯಿತು. ಹಣ ಕಟ್ಟಲು, ಬಿಡಿಸಿಕೊಳ್ಳಲು ಬೀದಿಬೀದಿಯಲ್ಲೂ ಒಬ್ಬ ಅಂಗಡಿಯವನಿದ್ದ.

ನಮ್ಮದೇ ಉದಾಹರಣೆಯೆಂದರೆ ‘ಭೂಮಿ’. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 2001ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಒಂದು ಪ್ರತಿ ಕೊಡತೊಡಗಿದ ಈ ಯೋಜನೆಯನ್ನು ನೋಡಲು ದೇಶವಿದೇಶಗಳಿಂದ ಜನ ಬಂದರು. ಅದಕ್ಕೂ ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಚೀಲದಲ್ಲಿತ್ತು. ಅದನ್ನು ಹೊರತೆಗೆಸಲು ಏನೇನು ಮಾಡಬೇಕಾಗಿತ್ತೆಂಬುದು ಹಳ್ಳಿಯ ಹಿನ್ನೆಲೆಯ ಓದುಗರಿಗೆ ಗೊತ್ತಿರುವ ಸಂಗತಿಯೇ. ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸರ್ಕಾರ ಆ ಕಿಟಕಿಯನ್ನು ಬೇಕೆಂದೇ ಮುಚ್ಚಿತು. ಮುಚ್ಚಿದ್ದು ಸರಿಯಾಗಿಯೇ ಇತ್ತು. ಆದರೆ ಅದರ ಬದಲಿಗೆ ಇನ್ನೊಂದನ್ನು ತೆರೆಯಿತು. ಗಣಕದ ಮುಂದೆ ಒಬ್ಬ ಮನುಷ್ಯ ಕುಳಿತಿದ್ದ, ರೈತ ಹೆಸರು, ಸರ್ವೆ ನಂಬರು ಹೇಳಿದರೆ ಸಾಕಿತ್ತು. ‘ಭೂಮಿ’ಯನ್ನು ಹೊಗಳಿದವರು ಗಣಕವನ್ನು ನೋಡಿದರೇ ಹೊರತು ಅದರ ಮುಂದಿದ್ದ ಕುರ್ಚಿಯನ್ನು ನೋಡಲಿಲ್ಲ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಅದಕ್ಕೆ ಇನ್ನೊಂದು ಮುಖವೂ ಇತ್ತೆನ್ನಿ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಬೆಂಗಳೂರಿನ ಸುತ್ತಮುತ್ತ ಈ ಸುಲಭ ಮಾಹಿತಿಯ ಲಾಭ ಹೆಚ್ಚಾಗಿ ದಕ್ಕಿದ್ದು ಭೂಮಿ ಕೊಳ್ಳಲು ಬಂದ ಬಲಿಷ್ಠರಿಗೆ ಎಂದು ವಾದಿಸಿತು. ಒಂದೇ ದಾಖಲೆ ಇಬ್ಬರಿಗೂ ತೆರೆದಿದ್ದರೂ ಅದನ್ನು ಬಳಸಿಕೊಳ್ಳುವ ಶಕ್ತಿ ಇಬ್ಬರಿಗೂ ಸಮನಾಗಿರುವುದಿಲ್ಲವಲ್ಲ.

ಮುಂದುವರಿದ ದೇಶಗಳಲ್ಲಿ ಈ ತೊಡಕಿಲ್ಲವೆಂದು ಭಾವಿಸುವಂತಿಲ್ಲ. ಬ್ರಿಟನ್ 2013ರಿಂದ ಹಂತಹಂತವಾಗಿ ಜಾರಿಗೆ ತಂದ ‘ಯೂನಿವರ್ಸಲ್ ಕ್ರೆಡಿಟ್’ ಎಂಬ ನೆರವಿನ ಯೋಜನೆಗೆ ಬಹುಪಾಲು ಅಂತರ್ಜಾಲದ ಮೂಲಕವೇ ಅರ್ಜಿ ಹಾಕಬೇಕು. ಅರ್ಜಿ ತುಂಬಲು ಬಾರದವರು ಸಾರ್ವಜನಿಕ ಗ್ರಂಥಾಲಯಗಳಿಗೆ ಓಡಿದರು. ಮಿತವ್ಯಯದ ಹೆಸರಿನಲ್ಲಿ ಅದೇ ಕಾಲಕ್ಕೆ ಅಲ್ಲಿ ಗ್ರಂಥಾಲಯಗಳೂ ಮುಚ್ಚುತ್ತಿದ್ದವು. 2018ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ವಿಶ್ವಸಂಸ್ಥೆಯ ಪ್ರತಿನಿಧಿ ಫಿಲಿಪ್ ಆಲ್ಸ್ಟನ್ ಈ ನೀತಿಯನ್ನು ಕಟುವಾಗಿ ಟೀಕಿಸಿದರು. ಡೆನ್ಮಾರ್ಕ್ ಇನ್ನೂ ಮುಂದೆ ಹೋಗಿದೆ. ಸರ್ಕಾರದ ಪತ್ರಗಳನ್ನೆಲ್ಲ ಜಾಲದ ಮೂಲಕವೇ ಪಡೆಯಬೇಕೆಂದು 2014ರಲ್ಲಿ ಕಡ್ಡಾಯ ಮಾಡಿದ ಆ ದೇಶದಲ್ಲಿ, ನಾಲ್ಕು ಶತಮಾನಗಳ ಇತಿಹಾಸವಿದ್ದ ಅಂಚೆ ಸಂಸ್ಥೆ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಆದರೂ ಗಣಕ ಬಳಸಲಾಗದವರು ವಿನಾಯಿತಿ ಕೇಳಬಹುದು, ಅಂಥವರಿಗೆ ಸರ್ಕಾರದ ಪತ್ರ ಕಾಗದದಲ್ಲೇ ಹೋಗಬೇಕು ಎಂಬ ಅವಕಾಶವನ್ನು ಕಾನೂನಿನಲ್ಲೇ ಇರಿಸಿದೆ. ಬಹುತೇಕ ಎಲ್ಲರೂ ಅಂತರ್ಜಾಲ ಬಳಸುವ ದೇಶಕ್ಕೇ ಇಂಥದೊಂದು ಅವಕಾಶ ಬೇಕೆನಿಸಿರುವಾಗ ನಮಗೆ ಬೇಡವೆನಿಸಿದ್ದು ಹೇಗೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಮಹಿಳೆಯರು ದೇಶದಲ್ಲಿ ಮೂವರಿಗೆ ಒಬ್ಬರು. ಅದೇ ಹೊತ್ತಿನಲ್ಲಿ, 2021ರ ಮೇ ತಿಂಗಳಲ್ಲಿ, 18ರಿಂದ 44 ವಯಸ್ಸಿನವರು ಕೋವಿಡ್ ಲಸಿಕೆಗೆ ಜಾಲದಲ್ಲೇ ಹೆಸರು ನೋಂದಾಯಿಸಬೇಕೆಂಬ ನಿಯಮ ಬಂತು. ಬೆಂಗಳೂರಿನವರು ನೆರೆಯ ಜಿಲ್ಲೆಗಳ ಆರೋಗ್ಯ ಕೇಂದ್ರಗಳಲ್ಲಿ ಸರದಿ ಕಾದಿರಿಸಿ, ಕಾರಿನಲ್ಲಿ ಹೋಗಿ ಲಸಿಕೆ ಪಡೆದು ಬಂದದ್ದು ನೆನಪಿರಬಹುದು. ಕೇಂದ್ರದ ಎದುರೇ ಮನೆಯಿದ್ದವನಿಗೆ ಸರದಿ ಸಿಗಲಿಲ್ಲ. ಸುಪ್ರೀಂ ಕೋರ್ಟು ಪ್ರಶ್ನಿಸಿತು, ನಿಯಮ ಸಡಿಲವಾಯಿತು. ಪಾಠ ಮಾತ್ರ ಉಳಿಯಲಿಲ್ಲ. 2023ರ ಜನವರಿಯಿಂದ ಉದ್ಯೋಗ ಖಾತರಿ ಕೆಲಸಗಾರರ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲಿ ದಿನಕ್ಕೆರಡು ಬಾರಿ ಛಾಯಾಚಿತ್ರ ಸಮೇತ ದಾಖಲಿಸುವುದು ಕಡ್ಡಾಯವಾಯಿತು. ಸಿಗ್ನಲ್ ಸಿಗದ ದಿನ, ಮಣ್ಣು ಹೊತ್ತದ್ದಕ್ಕೆ ಸಾಕ್ಷಿಯಿಲ್ಲ! ‘ಸರ್ವರ್ ಡೌನ್’ ಎಂಬುದು ಈಗ ಅಚ್ಚಗನ್ನಡದ ನುಡಿಗಟ್ಟೇ ಆಗಿಬಿಟ್ಟಿದೆ. ಪಡಿತರದ ಸಾಲಿನಲ್ಲಿ ನಿಂತ ಅನಕ್ಷರಸ್ಥ ಅಜ್ಜಿಯೂ ಅದನ್ನು ತಪ್ಪಿಲ್ಲದೆ ಉಚ್ಚರಿಸುವುದನ್ನು ಕೇಳಿದ್ದೇನೆ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲವೆಂದೇ ನನ್ನ ಅಭಿಪ್ರಾಯ. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ಅಂಧರು ನ್ಯಾಯಾಲಯದ ಮೊರೆಹೋಗಿದ್ದರು. ಬ್ಯಾಂಕು ಖಾತೆ ತೆರೆಯಲು, ಸಿಮ್ ಪಡೆಯಲು ಗುರುತು ದೃಢಪಡಿಸುವಾಗ ಯಂತ್ರ ‘ಕಣ್ಣು ಮಿಟುಕಿಸಿ’ ಎನ್ನುತ್ತದೆ. ಆ್ಯಸಿಡ್ಡಿನಲ್ಲಿ ರೆಪ್ಪೆ ಕಳೆದುಕೊಂಡವರು ಮಿಟುಕಿಸುವುದೇನನ್ನು? ಡಿಜಿಟಲ್ ಸೌಲಭ್ಯ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿ ನೀಡುವ ಬದುಕಿನ ಹಕ್ಕಿನ ಭಾಗವೆಂದು ಸಾರಿದ ಪೀಠ ಇಪ್ಪತ್ತು ನಿರ್ದೇಶನಗಳನ್ನು ನೀಡಿತು. ಕಾಗದದ ಮೂಲಕ ಗುರುತು ದೃಢಪಡಿಸುವ ದಾರಿಯೂ ಇರಬೇಕೆಂಬುದು ಅವುಗಳಲ್ಲೊಂದು.

ಈ ತತ್ತ್ವವನ್ನು ಜಾರಿಗೊಳಿಸಲು ಕರ್ನಾಟಕ ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. 2011ರ ಸೇವಾ ಖಾತರಿ ಕಾಯ್ದೆ, ನಾವು ‘ಸಕಾಲ’ ಎಂದು ಕರೆಯುವುದು, ಈಗಾಗಲೇ ಇದೆ. ನಿಗದಿತ ದಿನದೊಳಗೆ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೊಡಬೇಕೆಂದು ಅದು ಹೇಳುತ್ತದೆ. ಇದಕ್ಕೆ ಎರಡು ಸಾಲು ಸೇರಿಸಲಿ. ಒಂದು, ಯಾವುದೇ ಸೇವೆಗೂ ಕಾಗದದ ಅರ್ಜಿಯನ್ನು ಹೋಬಳಿ ಮಟ್ಟದ ನಾಡಕಚೇರಿ ಪಡೆಯಲೇಬೇಕು, ಪಡೆದ ದಿನದಿಂದಲೇ ಗಡುವು ಆರಂಭವಾಗಬೇಕು. ಎರಡು, ಸರ್ವರ್ ಕೆಟ್ಟ ದಿನಗಳು, ಬೆರಳಚ್ಚು ಹೊಂದದ ದಿನಗಳು ಇಲಾಖೆಯ ವಿಳಂಬವೆಂದೇ ಲೆಕ್ಕಕ್ಕೆ ಬರಬೇಕು, ಅರ್ಜಿದಾರರ ತಪ್ಪೆಂದಲ್ಲ. ಇಪ್ಪತ್ತು ರೂಪಾಯಿ ದೊಡ್ಡ ಮೊತ್ತವೇನಲ್ಲ. ಆದರೆ ಸರ್ವರ್ ಎಷ್ಟು ದಿನ ಕೆಟ್ಟಿತ್ತೆಂಬುದನ್ನು ಇಲಾಖೆಯೊಂದು ತನ್ನ ಖರ್ಚಿನ ಪುಸ್ತಕದಲ್ಲಿ ಬರೆದಿಡಬೇಕಾಗಿ ಬಂದರೆ, ಅದು ಎಷ್ಟು ಬೇಗ ದುರಸ್ತಿಯಾಗುತ್ತದೆಂಬುದನ್ನು ನೋಡಬೇಕೆಂಬ ಕುತೂಹಲ ನನಗಿದೆ.